ಯಾವ ಹುಳು ಕದ್ದಿತು?

ನಮಸ್ಕಾರ.

ಟೊಮೆಟೊ ಬೇರಿಗೆ ಗಂಟು ಕಟ್ಟಿಸುವ ಜಂತುಹುಳುವಿನ ವಂಶವಾಹಿಗಳ ಬಗ್ಗೆ ನೀವು ಕಳಿಸಿದ ‘ಬೇರಿನೊಳಗಿನ ಕಳ್ಳ’ ಲೇಖನ ಓದಿದೆ. ಒಳ್ಳೆಯ ವಿಷಯ, ಶ್ರಮಪಟ್ಟಿದ್ದೀರಿ. ಆದರೆ ಹೀಗೇ ಪ್ರಕಟಿಸಲಾರೆ. ನನ್ನ ನಿದ್ದೆ ಕೆಡಿಸಿದ್ದು ಎರಡೇ ವಾಕ್ಯ, ಅವುಗಳ ಮಾತಷ್ಟೇ ಆಡುತ್ತೇನೆ.

ಮೊದಲನೆಯದು: ‘ಚಾಣಾಕ್ಷ ಹುಳು ಬ್ಯಾಕ್ಟೀರಿಯಾದ ಮನೆಗೆ ಕನ್ನ ಹಾಕಿ, ಬೇರು ಕೊರೆಯುವ ಜೀನನ್ನು ಕದ್ದಿತು.’

ಯಾವ ಹುಳು? ಯಾವತ್ತು? ಗಿಡದ ಕೋಶದ ಗೋಡೆ ಸೆಲ್ಯುಲೋಸಿನದು, ಅದನ್ನು ಕರಗಿಸುವ ಕಿಣ್ವ ಪ್ರಾಣಿಗಳಲ್ಲಿ ಅಪರೂಪ. ನಿಮ್ಮ ಹುಳುವಿನಂತೆಯೇ ಬೇರಿನಲ್ಲಿ ಬದುಕುವ, ಆಲೂಗಡ್ಡೆ ಮತ್ತು ಸೋಯಾಬೀನಿನ ಸಿಸ್ಟ್ ಜಂತುಹುಳುಗಳಲ್ಲಿ ಆ ಕಿಣ್ವದ ಜೀನ್ ಹುಳುವಿನೊಳಗೇ ಇದೆ ಎಂದು 1998ರಲ್ಲಿ ತೋರಿಸಿದರು. ನೋಡಿದರೆ ಅದು ಬ್ಯಾಕ್ಟೀರಿಯಾದ ಜೀನಿನಂತಿತ್ತು. ಎಂದೋ ಒಂದು ತುಣುಕು ಬಂದು ಸೇರಿತು, ಮರಿಗಳಿಗೂ ದಾಟಿತು, ಉಪಯೋಗಕ್ಕೆ ಬಂದದ್ದರಿಂದ ಉಳಿಯಿತು. ಇಷ್ಟು ಹೇಳಿದ್ದರೆ ಸಾಕಿತ್ತು. ಕನ್ನ ಹಾಕುವವನಿಗೆ ಕತ್ತಲೆ, ಸಂಚು, ಆಸೆ ಎಲ್ಲ ಬೇಕು. ಈ ಹುಳುವಿಗೆ ಯಾವುದಿದೆ?

ನಾನು ಕೆಲಸ ಕಲಿತ ವಾರಪತ್ರಿಕೆಯಲ್ಲಿ ಗೆದ್ದಲಿನ ಬಗ್ಗೆ ಬರೆದುಕೊಟ್ಟಿದ್ದೆ. ‘ರಾಣಿ ಆಜ್ಞೆ ಮಾಡುತ್ತಾಳೆ’ ಎಂಬ ಸಾಲಿತ್ತು. ಹಿರಿಯರೊಬ್ಬರು ‘ಆಜ್ಞೆ’ಗೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ, ಇಡೀ ಕಚೇರಿಗೆ ಕೇಳುವಂತೆ, ‘ಯಾವ ಬಾಯಲ್ಲಪ್ಪಾ?’ ಎಂದರು. ನಾನು ಸಿಟ್ಟಿನಲ್ಲಿ ಎದ್ದು ಹೋಗಿ ಎರಡು ಚಹಾ ಕುಡಿದೆ. ವಾಪಸು ಬಂದಾಗಲೂ ಹಾಳೆ ನನ್ನ ಮೇಜಿನ ಮೇಲೇ ಇತ್ತು. ಆ ಕೆಂಪು ಸುತ್ತು ಈಗ ನಿಮ್ಮ ಹಾಳೆಯ ಮೇಲೆ ಬಿದ್ದಿದೆ.

ಎರಡನೆಯದು: ‘ಗಂಡು ಹೆಣ್ಣು ಕೂಡಿ ಜೀನ್ ಬೆರೆತು, ಪ್ರತಿ ಪೀಳಿಗೆಯೂ ಬಲವಾಗುತ್ತದೆ.’

ಇದು ತಪ್ಪು. ಅದಕ್ಕಿಂತ ಬೇಸರದ ಸಂಗತಿ, ಲೇಖನದ ಜೀವವನ್ನೇ ಈ ವಾಕ್ಯ ಹಿಂಡಿಬಿಟ್ಟಿದೆ. ನೀವು ಬರೆದಿರುವುದು ಮೆಲಾಯ್ಡೊಗೈನೆ ಇನ್‌ಕಾಗ್ನಿಟಾ ಎಂಬ ಬೇರುಗಂಟು ಹುಳುವಿನ ಬಗ್ಗೆ. ಅದರ ಹೆಣ್ಣಿಗೆ ಮೊಟ್ಟೆಯಿಡಲು ಗಂಡು ಬೇಕಿಲ್ಲ. ಬೇರಿನಲ್ಲಿ ಊಟ ಕಡಿಮೆಯಾದರೆ, ಗುಂಪು ಹೆಚ್ಚಾದರೆ ಗಂಡುಗಳೂ ಆಗುತ್ತವೆ, ಬೇರು ಬಿಟ್ಟು ಮಣ್ಣಿಗೆ ಹೊರಡುತ್ತವೆ. ಮುಂದಿನ ಪೀಳಿಗೆಗೆ ಅವುಗಳ ಜೀನ್ ಸೇರುವುದಿಲ್ಲ. ಜೀನ್ ಬೆರೆಯದೆಯೇ ಈ ಹುಳು, ತನ್ನನ್ನು ತಡೆಯುವ ಟೊಮೆಟೊದ ಎಂಐ ಎಂಬ ಜೀನಿನ ಕಾವಲನ್ನೂ ಕೆಲವೆಡೆ ದಾಟಿದೆ! ಕಾಡು ಟೊಮೆಟೊದಿಂದ ತಂದು ಕೂಡಿಸಿದ ಕಾವಲು ಅದು. ದಾಟಿದ್ದು ಹೇಗೆ ಎಂದು ಓದುಗ ಕೇಳಬೇಕಾದ ಜಾಗ ಇದೇ. 2008ರಲ್ಲಿ ಇದರ ಜೀನೋಮ್, ಅಂದರೆ ಇಡೀ ವಂಶವಾಹಿ ಬರಹ, ಓದಿದಾಗ ಒಂದೇ ಭಾಗದ, ತುಂಬ ಬೇರೆಬೇರೆಯಾದ ಪ್ರತಿಗಳು ಜೊತೆಜೊತೆಗೆ ಸಿಕ್ಕವು. ಹಿಂದೆಂದೋ ಬೇರೆ ವಂಶಗಳು ಕೂಡಿದ ಗುರುತು ಅದು. ಉತ್ತರ ಪೂರ್ತಿಯಾಗಿಲ್ಲ, ಆದರೆ ಅಲ್ಲಿಂದ ಹುಡುಕಬಹುದು. ನೀವು ಆ ಬಾಗಿಲು ಮುಚ್ಚಿ ಮದುವೆ ಮಾಡಿಸಿದಿರಿ.

ಇನ್ನೊಂದು, ನೀವು ಬೇರು ಬಿಡಿಸಿ ನೋಡಿಲ್ಲವೇನೋ ಎಂಬ ಗುಮಾನಿ ನನಗೆ. ಗಂಟು ಕಟ್ಟಿದ ಟೊಮೆಟೊ ಗಿಡ ಸಿಕ್ಕರೆ ಕಿತ್ತು, ಬೇರು ತೊಳೆದು, ಒಂದು ಗಂಟನ್ನು ಸೂಜಿಯಿಂದ ಸೀಳಿ. ಚಿರೋಟಿ ರವೆಯ ಕಾಳಿನಷ್ಟು, ಮುತ್ತಿನ ಬಣ್ಣದ, ತಂಬಿಗೆಯಂತೆ ಕೊರಳು ಸಣ್ಣಗೆ ಹೊಟ್ಟೆ ದುಂಡಗೆ ಇರುವ ಹೆಣ್ಣು ಸಿಗುತ್ತದೆ. ಕೊರಳಿನ ತುದಿ ಬೇರಿನ ಒಳಗೆ, ಹಿಂಭಾಗದಲ್ಲಿ ಅಂಟಂಟಾದ ಮೊಟ್ಟೆಯ ಮುದ್ದೆ, ಅದರಲ್ಲಿ ನೂರಾರು ಮೊಟ್ಟೆ. ಕೂತ ಜಾಗದಿಂದ ಕದಲಲಾರದ ಇದನ್ನು ನೀವು ಕಳ್ಳ ಎಂದಿದ್ದೀರಿ.

ಎರಡೂ ಪ್ಯಾರಾ ಹೊಸದಾಗಿ ಬರೆದು ಕಳಿಸಿ, ಶೀರ್ಷಿಕೆಯನ್ನೂ ಬದಲಿಸಿ. ಉಳಿದದ್ದಕ್ಕೆ ಆಮೇಲೆ ಜಗಳವಾಡೋಣ.