ಗೀಸರ್ ಪಾಯಿಂಟಿನಿಂದಲೇ ವರ್ಲ್‌ಪೂಲ್ ಟಬ್ಬಿಗೆ ಲೈನ್ ಎಳೆಯಬಹುದೇ?

ಬೇಡ. ಟೈಲ್ಸ್ ಕೂರುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಗೀಸರ್ ಲೈನು 2.5 ಸ್ಕ್ವೇರ್ ಎಂಎಂ ವೈರು, ಅದಕ್ಕೆ 16 ಆಂಪ್ಸ್ ಎಂಸಿಬಿ (ಮಿತಿ ಮೀರಿ ಕರೆಂಟು ಹರಿದರೆ ತಾನೇ ಆಫ್ ಆಗುವ ಸ್ವಿಚ್) ಎಂದು ಬರೆದಿದ್ದೀರಿ. 2 ಕಿಲೋವ್ಯಾಟ್ ಗೀಸರ್ ಒಂದೇ 8.7 ಆಂಪ್ಸ್ ಎಳೆಯುತ್ತದೆ. ನೀವು ನೋಡಿಟ್ಟಿರುವ, ಜೆಟ್‌ಗಳಿಂದ ನೀರು ಚಿಮ್ಮಿಸುವ ಟಬ್ಬಿನಲ್ಲಿ 1 ಎಚ್‌ಪಿ ಪಂಪಿಗೆ ಸುಮಾರು 5, 400 ವ್ಯಾಟ್ ಬ್ಲೋವರಿಗೆ ಹತ್ತಿರಹತ್ತಿರ 2, 1.5 ಕಿಲೋವ್ಯಾಟ್ ಹೀಟರಿಗೆ 6.5. ಎಲ್ಲ ಸೇರಿ 22 ಆಂಪ್ಸ್. ಎಂಸಿಬಿ ಬಿದ್ದರೆ ಪುಣ್ಯ. ಪದೇ ಪದೇ ಬೀಳುತ್ತದೆಂದು ಯಾರಾದರೂ 32ರ ಎಂಸಿಬಿ ಹಾಕಿಬಿಟ್ಟರೆ ಗೋಡೆಯೊಳಗೆ ವೈರು ಬಿಸಿಯಾಗುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ.

ಟಬ್ಬಿಗೆ ಡಿಬಿಯಿಂದಲೇ (ಮನೆಯ ಎಂಸಿಬಿಗಳೆಲ್ಲ ಇರುವ ಡಬ್ಬಿ) ಬೇರೆ ಲೈನು ಬೇಕು: ಫೇಸ್, ನ್ಯೂಟ್ರಲ್, ಅರ್ಥ್ ಮೂರೂ 4 ಸ್ಕ್ವೇರ್ ಎಂಎಂ ತಾಮ್ರ, 25 ಎಂಎಂ ಪೈಪಿನಲ್ಲಿ, ನಡುವೆ ಎಲ್ಲೂ ಜಾಯಿಂಟ್ ಇಲ್ಲದೆ. ಡಿಬಿಯಲ್ಲಿ 20 ಆಂಪ್ಸ್ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಎಂಸಿಬಿ, ಸಿ ಕರ್ವ್. ಬಿ ಕರ್ವ್ ಹಾಕಿದರೆ ಪಂಪು ಸ್ಟಾರ್ಟ್ ಆಗುವ ಎಳೆತಕ್ಕೇ ಬೀಳಬಹುದು. ಜೊತೆಗೆ 25 ಆಂಪ್ಸ್, 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟು ಲೀಕ್ ಆದರೆ ಲೈನು ಕಡಿಯುವ ಸ್ವಿಚ್) ಈ ಲೈನಿಗೇ ಪ್ರತ್ಯೇಕವಾಗಿರಲಿ. ಟಬ್ಬಿನಲ್ಲಿ ಎಲೆಕ್ಟ್ರಾನಿಕ್ ಕಂಟ್ರೋಲ್ ಇದ್ದರೆ 'ಎ' ಟೈಪ್ ಕೇಳಿ ತನ್ನಿ. ಆರ್‌ಸಿಸಿಬಿ ಇದ್ದ ಮಾತ್ರಕ್ಕೆ ಎಂಸಿಬಿ ಬಿಡುವಂತಿಲ್ಲ, ಆರ್‌ಸಿಸಿಬಿ ಓವರ್‌ಲೋಡ್ ನೋಡುವುದಿಲ್ಲ.

"ಅರ್ಥಿಂಗ್ ಚೆನ್ನಾಗಿದೆ, ಆರ್‌ಸಿಸಿಬಿ ಯಾಕೆ" ಎನ್ನುವ ಎಲೆಕ್ಟ್ರಿಷಿಯನ್‌ಗೆ ಈ ಲೆಕ್ಕ ತೋರಿಸಿ. ಮನೆಯ ಅರ್ಥ್ ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಇದೆ ಎಂದುಕೊಳ್ಳಿ. ಪಂಪಿನ ಬಾಡಿಗೆ ಫೇಸ್ ತಗುಲಿದರೆ ಹರಿಯುವುದು 230 ಭಾಗಿಸು 20, ಅಂದರೆ 11.5 ಆಂಪ್ಸ್. 20 ಆಂಪ್ಸ್ ಎಂಸಿಬಿ ಅಲುಗಾಡುವುದೂ ಇಲ್ಲ, ಬಾಡಿಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. 30 ಮಿಲಿಆಂಪ್ಸ್ ಆರ್‌ಸಿಸಿಬಿ ಆ ಕ್ಷಣವೇ ಕಡಿಯುತ್ತದೆ.

ಹಳೆಯ ಮನೆಗಳಲ್ಲಿ ಆರ್‌ಸಿಸಿಬಿ ಹಾಕಿದ ದಿನದಿಂದಲೇ ಬೀಳಲು ಶುರುವಾಗುವುದು ಹೆಚ್ಚಾಗಿ ನ್ಯೂಟ್ರಲ್ ಕಲಬೆರಕೆಯಿಂದ. ಸ್ವಿಚ್ ಬೋರ್ಡಿನಲ್ಲಿ ಎಲ್ಲ ನ್ಯೂಟ್ರಲ್ ಒಂದೇ ಕಡೆ ಸುತ್ತಿರುತ್ತಾರೆ, ಯುಪಿಎಸ್ ಲೈನಿನದೂ ಅದರಲ್ಲೇ. ಒಂದು ಲೈನಿನಿಂದ ಹೋದ ಕರೆಂಟು ಇನ್ನೊಂದರ ನ್ಯೂಟ್ರಲ್‌ನಲ್ಲಿ ಮರಳಿದರೆ ಆರ್‌ಸಿಸಿಬಿಗೆ ಅದು ಲೀಕೇಜೇ. ಆದ್ದರಿಂದ ಟಬ್ಬಿನ ನ್ಯೂಟ್ರಲ್ ಆರ್‌ಸಿಸಿಬಿಯಿಂದ ಹೊರಟು ಪಂಪಿನ ಬಳಿ ಮುಗಿಯಬೇಕು, ನಡುವೆ ಬೇರೆ ಲೈನಿನ ಯಾವ ನ್ಯೂಟ್ರಲನ್ನೂ ಮುಟ್ಟಬಾರದು.

ಇನ್ನು ಪೈಪಿನ ದಾರಿ. ಮೊದಲ ಮಹಡಿಯ ಬಾತ್‌ರೂಮ್, ಸಂಕನ್ ಸ್ಲ್ಯಾಬ್ (ತಗ್ಗಿಸಿ ಹಾಕಿ ಮೇಲೆ ತುಂಬಿದ ಸ್ಲ್ಯಾಬ್) ಇದೆ ಎಂದಿದ್ದೀರಿ. ಹತ್ತಿರದ ದಾರಿಯೆಂದು ವೈರಿನ ಪೈಪನ್ನು ಆ ತುಂಬುವಿಕೆಯೊಳಗೆ ಹಾಕಿಸಬೇಡಿ. ವಾಟರ್‌ಪ್ರೂಫಿಂಗ್ ಎಲ್ಲೋ ಒಂದು ಕಡೆ ಬಿಟ್ಟರೆ ನೀರು ನಿಲ್ಲುವುದು ಅಲ್ಲೇ, ಪೈಪಿನ ಜೋಡಣೆಗಳಲ್ಲಿ ಒಳಗಿಳಿಯುವುದೂ ಅಲ್ಲೇ. ಮೇಲಿನಿಂದ ತಂದು ಗೋಡೆಯಲ್ಲಿ ನೇರವಾಗಿ ಕೆಳಗಿಳಿಸಿ, ಟಬ್ಬಿನ ಹಿಂದೆ ಫ್ಲೋರಿನಿಂದ ಒಂದು ಅಡಿ ಎತ್ತರದಲ್ಲಿ ನೀರು ಒಳಹೋಗದ ಐಪಿ65 ಜಂಕ್ಷನ್ ಬಾಕ್ಸಿನಲ್ಲಿ ಮುಗಿಸಿ. ಪ್ಲಗ್ ಸಾಕೆಟ್ ಬೇಡ, ಟರ್ಮಿನಲ್ಲಿಗೆ ನೇರ ಕಟ್ಟಿಸಿ. 32 ಆಂಪ್ಸ್ ಡಿಪಿ (ಡಬಲ್ ಪೋಲ್) ಸ್ವಿಚ್ ಬಾತ್‌ರೂಮಿನ ಹೊರಗೆ, ಬಾಗಿಲ ಪಕ್ಕ. ಟಬ್ಬಿನ ಮೇಲೆ ಬೇಕಾದ ಬಟನ್‌ಗೆ ಏರ್ ಸ್ವಿಚ್ ಇರುವ ಮಾಡೆಲ್ ತೆಗೆದುಕೊಳ್ಳಿ. ಅದರಲ್ಲಿ ಒತ್ತಿದಾಗ ಹೋಗುವುದು ಟ್ಯೂಬಿನ ಗಾಳಿ, ಕರೆಂಟಲ್ಲ.

ಲೈಟು, ಸಾಕೆಟ್ ವಿಷಯದಲ್ಲಿ ವೈರಿಂಗಿನ ಅಂತರರಾಷ್ಟ್ರೀಯ ಮಾನದಂಡ ಐಇಸಿ 60364ರ ಅಳತೆ ಹಿಡಿಯಿರಿ. ಟಬ್ಬಿನ ಮೇಲೆ, ಫ್ಲೋರಿನಿಂದ 2.25 ಮೀಟರ್ ಎತ್ತರದವರೆಗೆ ಮೊದಲ ವಲಯ, ಅದರ ಅಂಚಿನಿಂದ ಸುತ್ತಲೂ 60 ಸೆಂಟಿಮೀಟರ್ ಎರಡನೆಯದು. ಈ ಎರಡರಲ್ಲೂ ಮಾಮೂಲಿ ಸಾಕೆಟ್ ಇರಕೂಡದು. ನಿಮ್ಮ ಬಾತ್‌ರೂಮ್ 8 ಅಡಿ ಉದ್ದ, 5 ಅಡಿ ಅಗಲ. ಎರಡೂವರೆ ಅಡಿ ಅಗಲದ ಟಬ್ಬು ಒಂದು ತುದಿಯಲ್ಲಿ ಅಡ್ಡಲಾಗಿ ಕೂತು, ಎರಡಡಿ ಬಿಟ್ಟರೆ ಉಳಿಯುವುದು ಮೂರೂವರೆ ಅಡಿ. ಬೇಸಿನ್ನು ಅಲ್ಲೇ ಬರಬೇಕು. ಹೇರ್ ಡ್ರೈಯರ್ ಪಾಯಿಂಟನ್ನು ನಾನಾದರೆ ಬೆಡ್‌ರೂಮಿಗೇ ಹಾಕಿಸುತ್ತೇನೆ. ಟಬ್ಬಿನ ಮೇಲೆಯೇ ಲೈಟು ಬೇಕೆಂದಿದ್ದರೆ 12 ವೋಲ್ಟಿನದು, ಅದಕ್ಕೆ ಕರೆಂಟು ಕೊಡುವ ಡ್ರೈವರ್ ಹೊರಗಡೆ.

ಬಿಸಿನೀರಿನ ಲೆಕ್ಕವನ್ನು ಶೋರೂಮಿನವರು ಹೇಳುವುದಿಲ್ಲ. ಟಬ್ಬಿಗೆ 250 ಲೀಟರ್, 38 ಡಿಗ್ರಿ ಬೇಕು. ಟ್ಯಾಂಕಿನ ನೀರು 22 ಡಿಗ್ರಿ ಎಂದು ಹಿಡಿದರೆ 60 ಡಿಗ್ರಿಯ ನೀರು ಸುಮಾರು 105 ಲೀಟರ್ ಬೇಕಾಗುತ್ತದೆ. 25 ಲೀಟರ್ ಗೀಸರ್‌ನಿಂದ ಆಗುವ ಕೆಲಸವಲ್ಲ. ಅಷ್ಟು ಶಾಖ ಅಂದರೆ 4.65 ಯೂನಿಟ್, 2 ಕಿಲೋವ್ಯಾಟ್ ಗೀಸರಿಗೆ ಎರಡು ಗಂಟೆ ಇಪ್ಪತ್ತು ನಿಮಿಷ. ಟಬ್ಬಿನ ಹೀಟರೇ ಕಾಯಿಸಲಿ ಎಂದರೆ 1.5 ಕಿಲೋವ್ಯಾಟಿಗೆ ಒಂದು ಡಿಗ್ರಿ ಏರಿಸಲು 12 ನಿಮಿಷ ಬೇಕು. ಅದು ಇರುವುದು ಆರದಂತೆ ನೋಡಿಕೊಳ್ಳಲು, ಅಷ್ಟೇ. ತಾರಸಿಯಲ್ಲಿ 200 ಲೀಟರ್ ಸೋಲಾರ್ ಇದೆ ಎಂದಿದ್ದೀರಲ್ಲ, ಅದರ ಲೈನನ್ನು ಟಬ್ಬಿನ ಮಿಕ್ಸರಿಗೆ ತನ್ನಿ. ಮಳೆಗಾಲಕ್ಕೆ ಗೀಸರ್ ದೊಡ್ಡದು ಮಾಡುವುದಾದರೆ ಮೊದಲು ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಟಬ್ಬು, ಗೀಸರು ಒಟ್ಟಿಗೆ ಓಡಿದರೇ 5 ಕಿಲೋವ್ಯಾಟ್.

ಪಂಪಿನ ಮೋಟಾರು, ಸ್ಟೀಲ್ ಫ್ರೇಮು, ಹತ್ತಿರದ ಲೋಹದ ಪೈಪುಗಳನ್ನು 4 ಸ್ಕ್ವೇರ್ ಎಂಎಂ ಹಸಿರು ವೈರಿನಿಂದ ಒಂದಕ್ಕೊಂದು ಜೋಡಿಸಿ ಅರ್ಥಿಗೆ ಸೇರಿಸಿ. ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪಿಗೆ ಬೇಕಿಲ್ಲ. ಪಂಪಿನ ಕಡೆ ಒಂದೂವರೆ ಅಡಿ ಚೌಕದ ತೆಗೆಯುವ ಬಾಗಿಲು ಬಿಡಿಸಿ. ಚೆಂದಕ್ಕೆಂದು ಗ್ರಾನೈಟ್ ಹಾಕಿ ಮುಚ್ಚಿಸಿದರೆ ಸೀಲ್ ಬದಲಿಸುವ ದಿನ ಗ್ರಾನೈಟೇ ಒಡೆಯಬೇಕು. ಟಬ್ಬಿನ ಕೆಳಗೂ ಫ್ಲೋರು ಟ್ರ್ಯಾಪಿನ ಕಡೆ ಇಳಿಜಾರಾಗಿರಲಿ.

ಟೈಲ್ಸ್ ಮೇಸ್ತ್ರಿ ಬರುವ ಮುನ್ನ ಗೋಡೆಗೆ ಟೇಪು ಹಿಡಿದು ಪೈಪುಗಳ ಫೋಟೋ ತೆಗೆದಿಡಿ, 500 ವೋಲ್ಟ್ ಮೆಗ್ಗರ್‌ನಲ್ಲಿ ಇನ್ಸುಲೇಷನ್ ಪರೀಕ್ಷೆ ಮಾಡಿಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ವೈರು ಬೇಡ. ಮೊದಲ ಸಲ ಪಂಪು ಹಾಕುವಾಗ ನೀರು ಜೆಟ್‌ಗಳಿಗಿಂತ ಎರಡಿಂಚು ಮೇಲಿರಲಿ, ಒಣಗಿ ಓಡಿದರೆ ಸೀಲ್ ಸುಡುತ್ತದೆ.

ಕೆಲವು ತಿಂಗಳ ನಂತರ ಆರ್‌ಸಿಸಿಬಿ ಬೀಳತೊಡಗಿದರೆ ಮೊದಲು ಹೀಟರಿನ ಕನೆಕ್ಷನ್ ಬಿಚ್ಚಿಸಿ ನೋಡಿ. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಎಲಿಮೆಂಟ್ ಹೋಗುವುದು ಸಾಮಾನ್ಯ. ಆಮೇಲೆ ಪಂಪಿನ ಸೀಲು, ಅದಾದ ಮೇಲೆ ಜಂಕ್ಷನ್ ಬಾಕ್ಸು. ಕಾರಣ ಸಿಗುವತನಕ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಲು ಯಾರಿಗೂ ಬಿಡಬೇಡಿ.