ಇಂಗ್ಲೆಂಡಿನ ಹಳೆಯ ಹಳ್ಳಿ ಚರ್ಚುಗಳ ಒಳಗೋಡೆ ಬರೀ ಬಿಳಿ ಯಾಕೆ?

ಮೊದಲು ಹಾಗಿರಲಿಲ್ಲ. ಗೋಡೆ ತುಂಬಾ ಬಣ್ಣದ ಚಿತ್ರಗಳಿದ್ದವು. ಓದು ಬಾರದವರಿಗೆ ಬೈಬಲ್ ಕಥೆ ತಿಳಿಸಲು ಅವೇ ಬೇಕಿತ್ತು. 16ನೇ ಶತಮಾನದಲ್ಲಿ ದೇಶ ಪೋಪ್‌ನ ಕ್ಯಾಥೊಲಿಕ್ ಪಂಥ ಬಿಟ್ಟು ಪ್ರೊಟೆಸ್ಟೆಂಟ್ ಆದಾಗ ಚಿತ್ರ, ಮೂರ್ತಿಗಳೆಲ್ಲ ವಿಗ್ರಹಪೂಜೆ ಎನಿಸಿಕೊಂಡವು. ರಾಜ ಆರನೇ ಎಡ್ವರ್ಡ್ ಕಾಲದಲ್ಲಿ (1547–53) ಚಿತ್ರಗಳ ಮೇಲೆ ಸುಣ್ಣ ಬಳಿಸಿದರು.

ಆದರೆ ಸುಣ್ಣದ ಪದರದಡಿ ಎಷ್ಟೋ ಚಿತ್ರ ಹಾಗೇ ಉಳಿದವು. ಸಫೋಕ್‌ನ ವೆನ್‌ಹ್ಯಾಸ್ಟನ್ ಚರ್ಚನ್ನೇ ನೋಡಿ. 1892ರಲ್ಲಿ ರಿಪೇರಿಗೆಂದು, ಗೋಡೆಯಂತೆಯೇ ಸುಣ್ಣ ಹಚ್ಚಿದ್ದ ಮರದ ಹಲಗೆಗಳನ್ನು ಕಿತ್ತು ಹೊರಗೆ ಹಾಕಿದ್ದರು. ರಾತ್ರಿ ಮಳೆ ಬಂದು ಸುಣ್ಣ ತೊಳೆದುಹೋಯಿತು. ಕೆಳಗೆ ಲೋಕದ ಕೊನೆಯ ದಿನದ ತೀರ್ಪಿನ ದೊಡ್ಡ ಚಿತ್ರ! ದೇವದೂತ ಮೈಕೇಲ್ ತಕ್ಕಡಿ ಹಿಡಿದು ಆತ್ಮಗಳನ್ನು ತೂಗುತ್ತಿದ್ದಾನೆ. ನಡುವೆ ಶಿಲುಬೆಯ ಆಕಾರದಲ್ಲಿ ಬಣ್ಣವೇ ಇಲ್ಲ, ಮೊದಲು ಅಲ್ಲಿ ಮರದ ಶಿಲುಬೆ ಇತ್ತಲ್ವಾ, ಅದಕ್ಕೆ. ಆ ಹಲಗೆಗಳು ಈಗಲೂ ಅದೇ ಚರ್ಚಿನಲ್ಲಿವೆ, ಹೋದರೆ ಖಂಡಿತ ನೋಡಿ.