ಜೂನ್‌ನಲ್ಲಿ ಯೂನಿಫಾರ್ಮ್ ಬಿಗಿಯಾಗುವುದು ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಮೂರು ಹೆಚ್ಚುಕಮ್ಮಿ ಒಂದೇ ವಿಷಯದ್ದು, ಬೇಸಿಗೆ ರಜೆ ಮತ್ತು ಮಕ್ಕಳ ತೂಕ. ಅದಕ್ಕೇ ಮೂರನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ 9 ವರ್ಷ. ಮಾರ್ಚ್ ಕೊನೆಯಲ್ಲಿ 30 ಕೆಜಿ ಇದ್ದ, ಜೂನ್ ಮೊದಲ ವಾರ ನೋಡಿದರೆ 33. ಎತ್ತರ 132 ಸೆಂ.ಮೀ. ಹೋದ ವರ್ಷವೂ ರಜೆಯಲ್ಲೇ ದಪ್ಪ ಆಗಿದ್ದ, ಚಡ್ಡಿ ಹೊಸದಾಗಿ ಹೊಲಿಸಬೇಕಾಯಿತು. ಈ ಬಿಸಿಲಲ್ಲಿ ಹೊರಗೆ ಬಿಡೋಕೆ ಆಗಲ್ಲ, ಇಡೀ ದಿನ ಟಿವಿ, ಮೊಬೈಲು. ನಮ್ಮತ್ತೆ "ಬೆಳೆಯೋ ಹುಡುಗ, ತಿನ್ನಲಿ ಬಿಡು" ಅಂತಾರೆ. ಮುಂದಿನ ವರ್ಷ ಸಮ್ಮರ್ ಕ್ಯಾಂಪಿಗೆ ಸೇರಿಸಿದರೆ ಸರಿಹೋಗುತ್ತಾ?
– ಒಬ್ಬ ತಾಯಿ, ಬಳ್ಳಾರಿ

ಉತ್ತರ: ಎರಡು ಸಲವೂ ಒಂದೇ ತಕ್ಕಡಿಯಲ್ಲಿ ನೋಡಿದ್ದೀರಿ ಅಂದುಕೊಳ್ಳುತ್ತೇನೆ. ಹಾಗಿದ್ದರೆ ನಿಮ್ಮ ಆತಂಕ ಸುಮ್ನೆ ಅಲ್ಲ. ಈ ವಯಸ್ಸಿನ ಮಗು ಒಂದು ವರ್ಷಕ್ಕೆ ಸುಮಾರು 2ರಿಂದ 3 ಕೆಜಿ ಏರಬೇಕು. ನಿಮ್ಮ ಮಗ ಇಡೀ ವರ್ಷದ ಪಾಲನ್ನು ಎರಡು ತಿಂಗಳಲ್ಲಿ ಮುಗಿಸಿದ್ದಾನೆ. ಅವನ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ಎಷ್ಟಿದೆ ಅನ್ನುವ ಲೆಕ್ಕ, ಈಗ 19ರ ಹತ್ತಿರ. ದೊಡ್ಡವರಿಗೆ ಇದು ಏನೂ ಅಲ್ಲ, ಆದರೆ ಮಕ್ಕಳಿಗೆ ವಯಸ್ಸಿಗೆ ತಕ್ಕ ಚಾರ್ಟ್ ಬೇರೆಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿನಲ್ಲಿ ಅವನು ಅತಿತೂಕದ ಗೆರೆ ದಾಟಿದ್ದಾನೆ, ಬೊಜ್ಜಿನ ಗೆರೆ ಇನ್ನೂ ಮುಟ್ಟಿಲ್ಲ.

ಇದು ನಿಮ್ಮ ಮನೆಯೊಂದರ ಕಥೆ ಅಲ್ಲ. ಅಮೆರಿಕದಲ್ಲಿ 18,170 ಮಕ್ಕಳನ್ನು ಕಿಂಡರ್‌ಗಾರ್ಟನ್‌ನಿಂದ ಎರಡನೇ ತರಗತಿ ಮುಗಿಯುವ ತನಕ ತೂಕ, ಎತ್ತರ ಅಳೆದು ನೋಡಿದರು. ಪಾಲ್ ವಾನ್ ಹಿಪ್ಪೆಲ್ ಮತ್ತು ಜೋಸೆಫ್ ವರ್ಕ್‌ಮನ್ ಅದನ್ನು 2016ರಲ್ಲಿ ಪ್ರಕಟಿಸಿದರು. ಬೊಜ್ಜಿರುವ ಮಕ್ಕಳು 100ಕ್ಕೆ 8.9 ಇದ್ದದ್ದು 11.5ಕ್ಕೆ ಏರಿತ್ತು. ಆ ಏರಿಕೆ ಪೂರ್ತಿ ಆಗಿದ್ದು ಎರಡು ಬೇಸಿಗೆ ರಜೆಗಳಲ್ಲಿ, ಶಾಲೆ ನಡೆಯುವ ತಿಂಗಳುಗಳಲ್ಲಿ ಏನೂ ಏರಿರಲಿಲ್ಲ. ನಾವೆಲ್ಲ ಶಾಲೆ ಹತ್ತಿರದ ಬೇಕರಿ, ಡಬ್ಬಿಯ ನೂಡಲ್ಸ್, ಆಟದ ಪೀರಿಯಡ್ಡನ್ನು ಗಣಿತಕ್ಕೆ ತಗೊಳ್ಳೋದು ಅಂತ ಶಾಲೆಯನ್ನೇ ಬೈಯುತ್ತಿರುತ್ತೇವೆ, ಅಲ್ವಾ? ಅದರಲ್ಲಿ ನಿಜವೂ ಇದೆ. ಆದರೂ ಮಗುವಿನ ತೂಕವನ್ನು ಹಿಡಿದಿಡುವ ಏನೋ ಒಂದು ಶಾಲೆಯ ದಿನದಲ್ಲಿದೆ.

ಅದೇನು ಅಂತ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಒಂದು ವಿವರಣೆ ಕೊಟ್ಟರು. ಸ್ಟ್ರಕ್ಚರ್ಡ್ ಡೇಸ್ ಹೈಪಾಥಿಸಿಸ್, ಅಂದರೆ ಕಟ್ಟುಪಾಡಿನ ದಿನಗಳ ಊಹೆ, ಅಂತ ಅದರ ಹೆಸರು. ವಿಷಯ ಸರಳ. ದೊಡ್ಡವರ ಕಣ್ಣಳತೆಯಲ್ಲಿ, ಹೊತ್ತುಹೊತ್ತಿಗೆ ಒಂದೊಂದು ಕೆಲಸ ಅಂತ ದಿನ ಕಟ್ಟಿದ್ದರೆ ಮಗು ತಾನಾಗಿ ಹೆಚ್ಚು ಓಡಾಡುತ್ತದೆ, ಕಡಿಮೆ ಮೇಯುತ್ತದೆ, ಹೊತ್ತಿಗೆ ಮಲಗುತ್ತದೆ. ದಿನ ಸಡಿಲವಾದರೆ ಎಲ್ಲವೂ ಒಟ್ಟಿಗೆ ಸಡಿಲ. ಶಾಲೆಯಿರುವ ದಿನ ಬೆಲ್ ಹೊಡೆಯೋ ತನಕ ಅವನು ಬಾಯಿಗೆ ಏನೂ ಹಾಕುವಂತಿಲ್ಲ. ರಜೆಯಲ್ಲಿ ಒಂಬತ್ತಕ್ಕೆ ಏಳುತ್ತಾನೆ, ಹತ್ತೂವರೆಗೆ ತಿಂಡಿ, ಮೂರಕ್ಕೆ ಊಟ, ನಡುವೆ ಫ್ರಿಜ್ ಬಾಗಿಲು ಎಷ್ಟು ಸಲ ತೆಗೆದ ಅಂತ ಯಾರೂ ಎಣಿಸುವುದಿಲ್ಲ. ನಮ್ಮಲ್ಲಿ ಏಪ್ರಿಲ್, ಮೇ ಅಂದರೆ ಐಪಿಎಲ್ ಬೇರೆ. ರಾತ್ರಿ ಏಳೂವರೆಗೆ ಶುರುವಾದ ಮ್ಯಾಚು ಹನ್ನೊಂದು ದಾಟುತ್ತದೆ, ಕೈಯಲ್ಲಿ ಚಿಪ್ಸು, ಪಕ್ಕದಲ್ಲಿ ತಣ್ಣಗಿನ ಮಾವಿನ ಜ್ಯೂಸು. ಆ 200 ಮಿಲಿ ಪೊಟ್ಟಣ ಒಂದರಲ್ಲೇ ಐದಾರು ಚಮಚ ಸಕ್ಕರೆ ಇರುತ್ತದೆ. ಮಾವಿನಹಣ್ಣು ಬೇಡ ಅಂತ ನಾನು ಹೇಳುತ್ತಿಲ್ಲ! ಊಟವಾದ ಮೇಲೆ ಒಂದು ಹಣ್ಣು ತಿನ್ನಲಿ. ಪೊಟ್ಟಣ ಮನೆಗೆ ತರಬೇಡಿ, ಅಷ್ಟೇ. ಮಜ್ಜಿಗೆ ಇದೆ, ಕಲ್ಲಂಗಡಿ ಇದೆ.

ಕ್ಯಾಂಪಿನಿಂದ ಉಪಯೋಗ ಇದೆ, ಆದರೆ ಎಲ್ಲ ಕ್ಯಾಂಪಿನಿಂದಲೂ ಅಲ್ಲ. ಅಬಾಕಸ್, ಹ್ಯಾಂಡ್‌ರೈಟಿಂಗ್, ಚಿತ್ರ ಬಿಡಿಸೋದು ಅಂತ ಮೂರು ಗಂಟೆ ಕೂರಿಸಿ, ನಡುವೆ ಕ್ರೀಮ್ ಬಿಸ್ಕತ್ತು ಕೊಟ್ಟು, ವ್ಯಾನಿನಲ್ಲಿ ಮನೆಗೆ ಬಿಡುವ ಕಡೆ ಅವನು ಏನಾದರೂ ಕಲಿಯಬಹುದು, ತೂಕದ ವಿಷಯದಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಆಗಲಾರದು. ಸೇರಿಸುವ ಮೊದಲು ಹೋಗಿ ಕೇಳಿ: ದಿನಕ್ಕೆ ಎಷ್ಟು ಹೊತ್ತು ಮೈ ಬೆವರುವ ಆಟ ಇರುತ್ತದೆ, ತಿನ್ನಲು ಏನು ಕೊಡುತ್ತೀರಿ, ಬೆಳಗ್ಗೆ ಎಷ್ಟಕ್ಕೆ ಶುರು. ಈ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಓಡಾಟ ಬೇಕು. ನಾಟಕದ ಶಿಬಿರಗಳು ನನಗೆ ಇಷ್ಟ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥ ಕಡೆ ಮಕ್ಕಳು ಕುಣಿಯುತ್ತಾರೆ, ಹಾಡುತ್ತಾರೆ, ಸುಮ್ಮನೆ ಕೂರುವುದು ಕಡಿಮೆ.

ಇನ್ನೊಂದು ಮಾತು. ಕ್ಯಾಂಪು 15 ದಿನದ್ದಾದರೆ ಉಳಿದ ರಜೆಯೆಲ್ಲ ನಿಮ್ಮ ಕೈಯಲ್ಲೇ. ಬಳ್ಳಾರಿಯಲ್ಲಿ ಹನ್ನೊಂದು ಗಂಟೆಗೆ ಆಡಲು ಕಳಿಸಿ ಅಂತ ಯಾರೂ ಹೇಳಲಾರರು. ಆರಕ್ಕೆ ಎಬ್ಬಿಸಿ, ಎಂಟರ ತನಕ ಬೀದಿಯ ಹುಡುಗರ ಜೊತೆ ಲಗೋರಿಯೋ ಕ್ರಿಕೆಟ್ಟೋ ಆಡಲಿ, ಸಂಜೆ ಐದೂವರೆಗೆ ಮತ್ತೆ ಬಿಡಿ. ಮಧ್ಯಾಹ್ನ ಮನೆಯೊಳಗೆ ಇರಲಿ, ಟಿವಿಗೂ ಒಂದು ಗಂಟೆ ಇರಲಿ, ಆದರೆ ಆ ಗಂಟೆ ಯಾವುದು ಅಂತ ಮೊದಲೇ ಗೊತ್ತಿರಲಿ. ಹಪ್ಪಳ ಸಂಡಿಗೆ ಮಾಡುವ ಕಾಲ, ಬೆಳಗ್ಗೆ ಮಾಳಿಗೆಗೆ ಹೊತ್ತು ಹರವುವುದು, ಹೊತ್ತು ಮುಳುಗುವಾಗ ತೆಗೆದು ತರುವುದು ಅವನ ಕೆಲಸ ಆಗಲಿ. ಎಂಟಕ್ಕೆ ಊಟ, ಒಂಬತ್ತರೊಳಗೆ ದೀಪ ಆರಲಿ. ಈ ಪ್ರಾಯಕ್ಕೆ 9 ಗಂಟೆಗಿಂತ ಕಡಿಮೆ ನಿದ್ದೆ ಸಾಲದು.

ಅತ್ತೆಯವರ ಜೊತೆ ಜಗಳ ಬೇಡ. ಅವರು ಹೇಳಿದ್ದು ಅರ್ಧ ಸರಿ, ಬೆಳೆಯುವ ಹುಡುಗನಿಗೆ ಊಟ ಕಡಿಮೆ ಮಾಡಬಾರದು. ತೂಕ ಇಳಿಸುವುದೂ ಬೇಕಿಲ್ಲ. ಮುಂದಿನ ಬೇಸಿಗೆಗೆ ಅವನು 138 ಸೆಂ.ಮೀ. ಆಗಿ 34 ಕೆಜಿ ಇದ್ದರೆ ಬಿಎಂಐ 18ಕ್ಕಿಂತ ಕೆಳಗೆ, ತಾನಾಗಿಯೇ ಸರಿಯಾದ ಜಾಗಕ್ಕೆ ಬರುತ್ತದೆ. ದಯವಿಟ್ಟು ನೆಂಟರ ಮುಂದೆ "ಡುಮ್ಮ" ಅನ್ನಬೇಡಿ, ಅನ್ನಲು ಬಿಡಲೂ ಬೇಡಿ. ಆ ಮಾತು ಮಗುವಿನ ಎದೆಯಲ್ಲಿ ಬಹಳ ವರ್ಷ ಉಳಿಯುತ್ತದೆ. ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪವಾಗಿದ್ದರೆ, ರಾತ್ರಿ ಗೊರಕೆ ಜೋರಿದ್ದರೆ, ಎತ್ತರ ಏರುವುದು ನಿಂತಿದ್ದರೆ ಮಾತ್ರ ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿದ್ದೇವೆ, ಇಬ್ಬರಿಗೂ ಕೆಲಸ. ಮಗಳಿಗೆ 7 ವರ್ಷ. ಪ್ರತಿ ವಾರ ಕ್ಯಾಂಪಿಗೆ ಹಾಕಲು ದುಡ್ಡು ಸಾಲುವುದಿಲ್ಲ. ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಾರೆ, ಆದರೆ ಅವರಿದ್ದರೆ ಅವಳು ಐಪ್ಯಾಡ್ ಬಿಡುವುದಿಲ್ಲ, ದಿನವಿಡೀ ಏನಾದರೂ ತಿನ್ನುತ್ತಲೇ ಇರುತ್ತಾಳೆ.
– ಓದುಗರು, ಡಲ್ಲಾಸ್

ಉತ್ತರ: ಮೇಲೆ ಹೇಳಿದ ಅಧ್ಯಯನ ನಿಮ್ಮ ಮಗಳ ಓರಗೆಯ ಮಕ್ಕಳದ್ದೇ. ನಿಮ್ಮ ರಜೆ ಹತ್ತು ವಾರಕ್ಕೂ ಜಾಸ್ತಿ, ಹಾಗಾಗಿ ದುಡ್ಡಿರುವಷ್ಟು ವಾರಗಳನ್ನು ಶುರುವಿನಲ್ಲೇ ಮುಗಿಸಬೇಡಿ, ವಾರ ಬಿಟ್ಟು ವಾರ ಹಾಕಿ. ಸಿಟಿಯ ರಿಕ್ರಿಯೇಷನ್ ಸೆಂಟರ್, ವೈಎಂಸಿಎ ಕ್ಯಾಂಪುಗಳಲ್ಲಿ ಶುಲ್ಕ ರಿಯಾಯಿತಿ ಇದೆಯಾ ಅಂತ ಕೇಳಲು ಸಂಕೋಚ ಬೇಡ. ಲೈಬ್ರರಿಯಲ್ಲಿ ಉಚಿತ ಕಾರ್ಯಕ್ರಮ ಇರುತ್ತವೆ. ಅಪ್ಪ ಅಮ್ಮನಿಗೆ ಮೊಮ್ಮಗಳನ್ನು ಸಂಭಾಳಿಸಿ ಅಂತ ಮಾತ್ರ ಹೇಳಿ ಹೊರಟರೆ ಅವರಾದರೂ ಏನು ಮಾಡಿಯಾರು? ಗೊತ್ತಿಲ್ಲದ ಊರು, ಕಾರು ಓಡಿಸಲಾರರು, ಪ್ರೀತಿ ತೋರಿಸಲು ಅವರಿಗೆ ಉಳಿದಿರುವುದು ಅಡುಗೆಮನೆ. ಅವರ ಜೊತೆ ಕೂತು ದಿನದ ಹೊತ್ತು ಬರೆದು ಫ್ರಿಜ್ಜಿಗೆ ಅಂಟಿಸಿ. ಬಿಸಿಲೇರುವ ಮೊದಲು ತಾತನ ಜೊತೆ ಪಾರ್ಕು, ಅಜ್ಜಿಯ ಜೊತೆ ಚಪಾತಿ ಲಟ್ಟಿಸೋದು, ಐಪ್ಯಾಡ್ ಇಷ್ಟರಿಂದ ಇಷ್ಟರ ತನಕ. ಹಿರಿಯರಿಗೂ ಆಗ "ಈಗ ಸಮಯ ಅಲ್ಲ ಕಂದಾ" ಅನ್ನುವುದು ಸುಲಭ.

ಪ್ರಶ್ನೆ: ಪೇಪರಿನಲ್ಲಿ ರಜೆಯಲ್ಲಿ ಮಕ್ಕಳು ದಪ್ಪ ಆಗುತ್ತಾರೆ ಅಂತ ಓದಿದೆ. ನಮ್ಮ ಸರ್ಕಾರಿ ಶಾಲೆಯ ಮಕ್ಕಳು ಜೂನ್‌ನಲ್ಲಿ ಸೊರಗಿ ಬರುತ್ತಾರಲ್ಲ ಮೇಡಂ?
– ಒಬ್ಬ ಶಿಕ್ಷಕರು, ಯಾದಗಿರಿ ಜಿಲ್ಲೆ

ಉತ್ತರ: ಸರ್, ನೀವು ಕಂಡಿದ್ದು ಸರಿ, ಈ ಪತ್ರ ಬರೆದಿದ್ದಕ್ಕೆ ನಿಮಗೆ ನಮಸ್ಕಾರ. ಶಾಲೆಯ ದಿನ ಮಗುವಿಗೆ ಕೊಡುವುದು ಬರೀ ವೇಳಾಪಟ್ಟಿ ಅಲ್ಲ, ಬಿಸಿಯೂಟ, ಹಾಲು, ಮೊಟ್ಟೆ ಕೂಡ. ರಜೆ ಬಂದರೆ ಸಾಮಾನ್ಯವಾಗಿ ಆ ಮೂರೂ ನಿಲ್ಲುತ್ತವೆ. ಅಪ್ಪ ಅಮ್ಮ ಕೂಲಿಗೆ ಹೋದ ಮೇಲೆ ಮಧ್ಯಾಹ್ನದ ಊಟ ಮಗು ತಾನೇ ನೋಡಿಕೊಳ್ಳಬೇಕು. ಫ್ರಿಜ್ಜಿರುವ ಮನೆಯಲ್ಲಿ ಸಡಿಲವಾದ ದಿನ ಮಗುವನ್ನು ದಪ್ಪ ಮಾಡಿದರೆ, ಹಿಟ್ಟಿನ ಡಬ್ಬಿ ಖಾಲಿಯಿರುವ ಮನೆಯಲ್ಲಿ ಅದೇ ಸಡಿಲ ದಿನ ಸೊರಗಿಸುತ್ತದೆ.

ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಆದೇಶ ಮಾಡಿದೆ. 2024ರ ಬರದಲ್ಲಿ ನಮ್ಮ ರಾಜ್ಯದಲ್ಲಿ ಹಾಗೆ ಕೊಟ್ಟರು ಕೂಡ. ಬರ ಇಲ್ಲದ ವರ್ಷವೂ ಹಸಿವು ಇರುತ್ತದೆ, ಅದಕ್ಕೇ ನನ್ನ ಅಭಿಪ್ರಾಯದಲ್ಲಿ ಸರ್ಕಾರ ಬೇಸಿಗೆ ಶಿಬಿರ ಮತ್ತು ಊಟ ಎರಡನ್ನೂ ಒಟ್ಟಿಗೆ ಯೋಚಿಸಬೇಕು. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಲ್ಲಿ ಮಕ್ಕಳ ಶಿಬಿರ ನಡೆಸಿದ್ದುಂಟು, ಅಲ್ಲಿಗೆ ಒಂದು ಹೊತ್ತಿನ ಊಟ ಸೇರಿದರೆ ಎಷ್ಟು ಚೆನ್ನ!

ನೀವು ಈಗಲೇ ಮಾಡಬಹುದಾದ ಕೆಲಸ ಒಂದಿದೆ. ಈ ವಾರವೇ ಎಲ್ಲ ಮಕ್ಕಳ ತೂಕ, ಎತ್ತರ ಬರೆದಿಡಿ. ರಜೆಗೆ ಮುಂಚೆ ಏಪ್ರಿಲ್‌ನಲ್ಲಿ ಒಮ್ಮೆ, ಮತ್ತೆ ಮುಂದಿನ ಜೂನ್‌ನಲ್ಲಿ ಒಮ್ಮೆ ನೋಡಿ. ಆ ಪಟ್ಟಿಯನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿಟ್ಟು, ಪಂಚಾಯ್ತಿಗೂ ಒಂದು ಪ್ರತಿ ಕೊಡಿ. ನನಗೂ ಒಂದು ಕಳಿಸಿ, ಹೆಸರು ತೆಗೆದು ಇದೇ ಪುಟದಲ್ಲಿ ಹಾಕೋಣ.